ಖಾಲಿ ಅಂತ ತೋರಿಸುವ ಸಿಡಿಯೊಳಗೆ ಅಜ್ಜಿಯ ಪದ

ಪ್ರಶ್ನೆ: ನಮ್ಮದು ಗದಗ ಹತ್ತಿರದ ಹಳ್ಳಿ. ನಮ್ಮ ಅಜ್ಜಿ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳನ್ನು ಸೋದರಮಾವ ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದರು. 2006ರಲ್ಲಿ ಆ ಕ್ಯಾಸೆಟ್ಟನ್ನು ಪೇಟೆಗೆ ಒಯ್ದು ಒಂದು ಅಂಗಡಿಯಲ್ಲಿ ಸಿಡಿ ಮಾಡಿಸಿದರು. ಅಂಗಡಿಯವರು ತಮ್ಮ ಮಷಿನ್‌ನಲ್ಲೇ ಹಚ್ಚಿ ಎರಡು ಪದ ಕೇಳಿಸಿ ಕೊಟ್ಟಿದ್ದರಂತೆ. ಆಗ ನಮ್ಮ ಮನೆಯಲ್ಲಿ ಸಿಡಿ ಪ್ಲೇಯರ್ ಇರಲಿಲ್ಲ. ಮುಂದೆ ಕ್ಯಾಸೆಟ್ ಮೇಲೆ ಬೇರೇನೋ ತುಂಬಿಬಿಟ್ಟರು. ಅಜ್ಜಿ ಈಗ ಇಲ್ಲ. ಮೊನ್ನೆ ಟ್ರಂಕಿನಲ್ಲಿ ಆ ಸಿಡಿ ಸಿಕ್ಕಿತು. ಕಂಪ್ಯೂಟರಿಗೆ ಹಾಕಿದರೆ ಗರ್ ಅಂತ ತಿರುಗಿ ಖಾಲಿ ಡಿಸ್ಕ್ ಅಂತ ತೋರಿಸುತ್ತದೆ. ಅಕ್ಕನ ಕಾರಿನಲ್ಲಿ ಹಾಕಿದರೆ ಹೊರಗೆ ತಳ್ಳುತ್ತದೆ. ಕೆಳಗಡೆ ಒಂದೆರಡು ಗೀರು ಇವೆ. ಒಳಗಿನಿಂದ ಒಂದು ಬೆರಳಿನ ಅಗಲದಷ್ಟು ಬಣ್ಣ ಬೇರೆ ಕಾಣುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂತ ಒಬ್ಬರು, ಇದು ಹೋಯ್ತು ಬಿಸಾಕಿ ಅಂತ ಇನ್ನೊಬ್ಬರು. ಏನು ಮಾಡಲಿ?

ಉತ್ತರ: ಟೂತ್‌ಪೇಸ್ಟ್ ಹಚ್ಚಬೇಡಿ. ಬಿಸಾಕುವ ಮಾತಂತೂ ಬೇಡವೇ ಬೇಡ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಜ್ಜಿಯ ಪದ ಆ ಡಿಸ್ಕಿನಲ್ಲಿ ಇನ್ನೂ ಇದೆ ಅಂತಲೇ ನನಗೆ ಅನ್ನಿಸುತ್ತಿದೆ.

ನೀವು ಬರೆದ ಮೂರು ಮಾತನ್ನು ಒಟ್ಟಿಗೆ ಇಟ್ಟು ನೋಡಿ. ಒಂದು, ಅಂಗಡಿಯ ಮಷಿನ್‌ನಲ್ಲಿ ಅದು ಹಾಡಿತ್ತು. ಎರಡು, ಆಮೇಲೆ ಬೇರೆ ಯಾವ ಮಷಿನ್‌ನಲ್ಲೂ ಅದು ಹಾಡಿಲ್ಲ. ಮೂರು, ಕಂಪ್ಯೂಟರ್ ಅದನ್ನು ಹಾಳಾದ ಡಿಸ್ಕ್ ಅನ್ನುತ್ತಿಲ್ಲ, ಖಾಲಿ ಡಿಸ್ಕ್ ಅನ್ನುತ್ತಿದೆ. ಆದರೆ ಖಾಲಿ ಸಿಡಿಯ ಕೆಳಭಾಗ ಪೂರ್ತಿ ಒಂದೇ ಬಣ್ಣ ಇರುತ್ತದೆ. ನಿಮ್ಮದರಲ್ಲಿ ಬೆರಳಗಲದ ಉಂಗುರ ಇದೆ. ಆ ಉಂಗುರವೇ ಹಾಡು. ಲೇಸರ್ ಬಿದ್ದು ಬಣ್ಣ ಬದಲಾದ ಜಾಗ ಅದು. ಅಂದರೆ ಹಾಡು ಬರೆದಿದ್ದಾರೆ, ಆದರೆ ಡಿಸ್ಕನ್ನು ಮುಚ್ಚಿಲ್ಲ. ರೆಕಾರ್ಡಿಂಗ್ ಅಂಗಡಿಗಳಲ್ಲಿ ಇದಕ್ಕೆ ಫೈನಲೈಸ್ ಮಾಡೋದು ಅಂತಿದ್ದರು. ಆ ಕೊನೆಯ ಕೆಲಸ ಉಳಿದುಹೋಗಿದೆ. ನಿಮ್ಮ ಮಾವನಿಗೆ ಕೇಳಿ ನೋಡಿ, ಅವತ್ತು ಕರೆಂಟ್ ಹೋಗಿತ್ತೇ ಅಂತ. ಆಗಿನ ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಅರ್ಧ ಬರೆದ ಸಿಡಿಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಡಿಸ್ಕಿನ ಮೇಲ್ಭಾಗದಲ್ಲಿ ಏನು ಅಚ್ಚಾಗಿದೆ ಅಂತಲೂ ನೋಡಿ. ಕಂಪನಿ ಹೆಸರಿನ ಜೊತೆ ಫಾರ್ ಮ್ಯೂಸಿಕ್ ಅಂತಲೋ ಡಿಜಿಟಲ್ ಆಡಿಯೋ ರೆಕಾರ್ಡೆಬಲ್ ಅಂತಲೋ ಇದ್ದರೆ ನನ್ನ ಊಹೆ ಇನ್ನೂ ಗಟ್ಟಿಯಾಗುತ್ತದೆ. ಆಂಪ್ಲಿಫೈಯರ್ ತರಹ ಕಪಾಟಿನಲ್ಲಿ ಇಡುವ ಸಿಡಿ ರೆಕಾರ್ಡರುಗಳು ಆಗ ಇದ್ದವು. ಮನೆಬಳಕೆಗೆ ಅಂತ ಬಂದ ಮಾದರಿಗಳಿಗೆ ಅಂಥ ಡಿಸ್ಕೇ ಬೇಕಿತ್ತು. ಅವುಗಳಲ್ಲಿ ಫೈನಲೈಸ್ ಬೇರೆಯೇ ಒಂದು ಗುಂಡಿ. ಅದನ್ನು ಒತ್ತುವವರೆಗೆ ಡಿಸ್ಕ್ ಅಂಥ ರೆಕಾರ್ಡರಿನಲ್ಲಿ ಮಾತ್ರ ಹಾಡುತ್ತದೆ. ಹೊರಗಿನ ಪ್ಲೇಯರಿಗೆ ಅದು ಕಾಣುವುದೇ ಇಲ್ಲ. ಅಂಗಡಿಯವರು ತಮ್ಮ ಮಷಿನ್‌ನಲ್ಲೇ ಕೇಳಿಸಿದರು, ನಿಮ್ಮ ಮಾವ ಖುಷಿಯಿಂದ ಮನೆಗೆ ತಂದರು. ಮನೆಯಲ್ಲಿ ಪ್ಲೇಯರ್ ಇಲ್ಲದ್ದರಿಂದ ತಪ್ಪು ಯಾರಿಗೂ ಗೊತ್ತಾಗಲಿಲ್ಲ.

ಮುಚ್ಚದ ಡಿಸ್ಕ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಅಡತಿ ಅಂಗಡಿಗಳಲ್ಲಿ ಕಿರ್ದಿ, ಖತಾವಣಿ ಅಂತ ಎರಡು ಪುಸ್ತಕ ಇರುತ್ತವೆ ಅಲ್ವಾ? ಆಯಾ ದಿನದ್ದು ಆಯಾ ದಿನ ಕಿರ್ದಿಯಲ್ಲಿ ಗೀಚಿಕೊಳ್ಳುತ್ತಾರೆ. ಆಮೇಲೆ ಕೂತು ಖತಾವಣಿಗೆ ಏರಿಸುತ್ತಾರೆ. ಬರೆಯುವ ಸಿಡಿಯಲ್ಲೂ ಹಾಗೇ. ಒಂದೊಂದು ಹಾಡು ಬರೆದು ಮುಗಿಸಿದಾಗ ರೈಟರ್, ಅಂದರೆ ಸಿಡಿ ಬರೆಯುವ ಮಷಿನ್, ಅದು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ತೀರ ಒಳಗಿನ ಸಣ್ಣ ಜಾಗದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಇದು ಕಿರ್ದಿ. ಡಿಸ್ಕ್ ಮುಚ್ಚುವಾಗ ಅದನ್ನೆಲ್ಲ ಸೇರಿಸಿ ಲೀಡ್-ಇನ್ ಅನ್ನುವ ಜಾಗದಲ್ಲಿ ಪಕ್ಕಾ ಪಟ್ಟಿ ಬರೆಯುತ್ತದೆ. ಇದು ಖತಾವಣಿ. ಲೀಡ್-ಇನ್ ಇರುವುದು ಡಿಸ್ಕಿನ ನಡುವಿನಿಂದ ಸುಮಾರು 23ರಿಂದ 25 ಮಿಲಿಮೀಟರ್ ದೂರದ ಪಟ್ಟಿಯಲ್ಲಿ. ಕಾರಿನ ಪ್ಲೇಯರ್ ಖತಾವಣಿ ಮಾತ್ರ ಓದುತ್ತದೆ. ಅದು ಖಾಲಿ ಇದ್ದರೆ ಡಿಸ್ಕೇ ಖಾಲಿ ಅಂತ ತಿಳಿದು ಹೊರಗೆ ತಳ್ಳುತ್ತದೆ. ಕಿರ್ದಿ ನೋಡುವ ಬುದ್ಧಿ ಇರುವುದು ಸಿಡಿ ಬರೆಯಬಲ್ಲ ಡ್ರೈವಿಗೆ ಮಾತ್ರ.

ಈಗ ಒಂದು ಸ್ಕೇಲ್ ತಗೊಳ್ಳಿ. ಪ್ಲಾಸ್ಟಿಕ್ಕಿನದು, ಸ್ಟೀಲಿನದು ಬೇಡ. ಡಿಸ್ಕಿಗೆ ತಾಗಿಸದೆ ಮೇಲೆ ಹಿಡಿದು ಅಳೆಯಿರಿ. ಹಾಡು ಶುರುವಾಗುವುದು ನಟ್ಟನಡುವಿನಿಂದ 25 ಮಿ.ಮೀ. ದೂರದಲ್ಲಿ. ನಡುವಿನ ತೂತಿನ ಅಂಚಿನಿಂದ ಅಳೆದರೆ ಹದಿನೇಳೂವರೆ ಮಿ.ಮೀ. ಅಲ್ಲಿಂದ ಬಣ್ಣ ಬೇರೆ ಕಾಣುವ ಉಂಗುರ ಎಷ್ಟು ಅಗಲ ಇದೆ ಅಂತ ನೋಡಿ. 80 ನಿಮಿಷದ ಡಿಸ್ಕಿನಲ್ಲಿ 5 ಮಿ.ಮೀ. ಅಗಲ ಅಂದರೆ ಸುಮಾರು 8 ನಿಮಿಷದ ಹಾಡು. 10 ಮಿ.ಮೀ. ಅಂದರೆ ಸುಮಾರು 17 ನಿಮಿಷ. 15 ಮಿ.ಮೀ. ಅಂದರೆ ಸುಮಾರು 28. 20 ಮಿ.ಮೀ. ಇದ್ದರೆ 40 ದಾಟುತ್ತದೆ. ಹೊರಗೆ ಹೋದಂತೆ ಸುತ್ತು ದೊಡ್ಡದಾಗುವುದರಿಂದ ಅಷ್ಟೇ ಅಗಲದಲ್ಲಿ ಜಾಸ್ತಿ ಹಾಡು ಹಿಡಿಸುತ್ತದೆ. ಬೆರಳಗಲ ಅಂತ ಬರೆದಿದ್ದೀರಿ. ಹಾಗಾದರೆ ಅಜ್ಜಿ ಅಲ್ಲಿ ಸುಮಾರು ಅರ್ಧ ತಾಸು ಹಾಡುತ್ತಿದ್ದಾರೆ. ಈ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಬೇಕಾಗುತ್ತದೆ.

ಕೆಲಸ ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಖಾಲಿ ಅಂತ ಕಂಡ ಡಿಸ್ಕಿಗೆ ವಿಂಡೋಸ್ ಒಂದು ಕಿಟಕಿ ತೆರೆದು, ಈ ಡಿಸ್ಕನ್ನು ಹೇಗೆ ಬಳಸುತ್ತೀರಿ ಅಂತ ಕೇಳುತ್ತದೆ. ಪೆನ್‌ಡ್ರೈವ್ ತರಹವೋ, ಪ್ಲೇಯರಿಗೋ ಅಂತ ಎರಡು ಆಯ್ಕೆ ಕೊಡುತ್ತದೆ. ಎರಡನ್ನೂ ಒತ್ತಬೇಡಿ. ರದ್ದು ಮಾಡಿ. ಮನೆಯ ಮಕ್ಕಳಿಗೂ ಹೇಳಿ. ಹಾಡು ಹೊರಗೆ ಬರುವವರೆಗೆ ಆ ಡಿಸ್ಕಿನ ಮೇಲೆ ಒಂದು ಚುಕ್ಕೆಯೂ ಹೊಸದಾಗಿ ಬರೆಯಬಾರದು. ಬರೆಯುವ ಸಿಡಿಯಲ್ಲಿ ಒಮ್ಮೆ ಬಿದ್ದ ಗುರುತು ಅಳಿಸುವುದಿಲ್ಲ.

ತೊಳೆಯುವುದು ಹೇಗೆ? ಟ್ರಂಕಿನಲ್ಲಿ ಇಷ್ಟು ವರ್ಷ ಇದ್ದ ಡಿಸ್ಕ್, ಬೆರಳಚ್ಚು ಮತ್ತು ಧೂಳು ಇದ್ದೇ ಇರುತ್ತವೆ. ಡಾಂಬರ ಗುಳಿಗೆ ಹಾಕಿಟ್ಟಿದ್ದರೆ ಮಂಜು ಹಿಡಿದಂಥ ತೆಳು ಪದರವೂ ಕೂತಿರಬಹುದು. ನಿಮ್ಮ ಕಡೆ ಬೋರಿನ ನೀರು ಗಡಸು, ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತನ್ನಿ. ಆಸಿಡ್ ಅಲ್ಲ, ನೀರು. ಬಾಟಲಿಯ ಮೇಲೆ ಓದಿ ತಗೊಳ್ಳಿ. ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಮೊದಲು ಬರೀ ನೀರು ಬಿಟ್ಟು ಧೂಳು ಹರಿದು ಹೋಗಲಿ. ಆಮೇಲೆ ಅಜ್ಜನ ಹಳೆ ಧೋತರದ ತುಂಡು ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ತೊಳೆದು ತೊಳೆದು ಮೆತ್ತಗಾಗಿರುತ್ತದೆ. ಅದನ್ನು ಒದ್ದೆ ಮಾಡಿ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ. ಗಾಲಿ ಕಡ್ಡಿ ಇರುತ್ತವಲ್ಲ, ಹಾಗೆ. ಸುತ್ತ ತಿರುಗಿಸಿ ಒರೆಸಬೇಡಿ. ಹಾಡು ಸುತ್ತು ಸುತ್ತಾಗಿ ಬರೆದಿರುತ್ತದೆ. ಸುತ್ತಿನ ಉದ್ದಕ್ಕೂ ಬಿದ್ದ ಗೀರು ಒಂದೇ ಕಡೆ ತುಂಬ ಹೊತ್ತು ಹಾಡನ್ನು ಮುಚ್ಚುತ್ತದೆ. ಅಡ್ಡ ಬಿದ್ದ ಗೀರನ್ನು ಪ್ಲೇಯರ್ ದಾಟಿಕೊಂಡು ಹೋಗುತ್ತದೆ. ತೊಳೆಯುವುದು ಕೆಳಭಾಗ ಮಾತ್ರ, ಮೇಲ್ಭಾಗವನ್ನು ಉಜ್ಜಬೇಡಿ. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರವ, ಇವು ಯಾವುವೂ ಹತ್ತಿರ ಬರಬಾರದು. ಆ ಪ್ಲಾಸ್ಟಿಕ್ ಪಾಲಿಕಾರ್ಬೊನೇಟ್, ಅವುಗಳಿಂದ ಮಬ್ಬಾಗುತ್ತದೆ.

ನಿಮ್ಮ ಒಂದೆರಡು ಗೀರಿನ ಬಗ್ಗೆ ನನಗೆ ಚಿಂತೆ ಇಲ್ಲ. ಡಿಸ್ಕ್ ದಪ್ಪ 1.2 ಮಿ.ಮೀ. ಇರುತ್ತದೆ. ಹಾಡು ಇರುವುದು ಕೆಳಗಿನ ಮೈಯಲ್ಲಿ ಅಲ್ಲ, ಪ್ಲಾಸ್ಟಿಕ್ ದಾಟಿ ಮೇಲಿನ ಲೇಬಲ್ಲಿನ ಅಡಿಯಲ್ಲಿ. ಲೇಸರ್ ಕಿರಣ ಪ್ಲಾಸ್ಟಿಕ್ಕಿಗೆ ಹೊಗುವ ಕಡೆ ಸುಮಾರು 0.8 ಮಿ.ಮೀ. ಅಗಲ ಇರುತ್ತದೆ. ಹಾಡಿನ ಹತ್ತಿರ ಹೋಗುವಷ್ಟರಲ್ಲಿ ಮೊನೆಯಾಗಿ ಕೂಡುತ್ತದೆ. ಹೀಗಾಗಿ ಸಣ್ಣ ಗೀರು, ಧೂಳು ಅದಕ್ಕೆ ಮಸುಕಾಗಿ ಕಂಡು ದಾಟಿಹೋಗುತ್ತವೆ. ಆಡಿಯೋ ಸಿಡಿಯಲ್ಲಿ ತಪ್ಪು ತಿದ್ದುವ ಲೆಕ್ಕವೂ ಸೇರಿಸಿ ಬರೆದಿರುತ್ತಾರೆ. ಸುತ್ತಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಕಾಣದೆ ಹೋದರೂ ಪೂರ್ತಿ ಸರಿಯಾಗಿ ಓದಿಕೊಳ್ಳುತ್ತದೆ. ಟೂತ್‌ಪೇಸ್ಟ್ ಒಂದು ಸಣ್ಣ ಉಪ್ಪುಕಾಗದ ಇದ್ದಂತೆ. ಎರಡು ಗೀರು ತೆಗೆಯಲು ಹೋಗಿ ನೂರು ಗೀರು ಎಳೆಯುತ್ತದೆ.

ನಿಜವಾದ ಅಪಾಯ ಇರುವುದು ಮೇಲಿನ ಲೇಬಲ್ ಕಡೆ. ಇದನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ಧಾರವಾಡದ ಒಂದು ಮನೆಯವರು ತಮ್ಮ ತಂದೆಯ ಭಜನೆಯ ಸಿಡಿ ತಂದುಕೊಟ್ಟರು. ಮೇಲೆ ಕಾಗದದ ಸ್ಟಿಕರ್ ಅಂಟಿಸಿದ್ದರು, ಅದು ಒಂದು ಕಡೆ ಎದ್ದು ತಿರುಗುವಾಗ ಡಿಸ್ಕ್ ಅದುರುತ್ತಿತ್ತು. ನಾನು ಸ್ಟಿಕರನ್ನು ನಿಧಾನವಾಗಿ ಎಳೆದೆ. ಅದರ ಜೊತೆ ಬೆಳ್ಳಿ ಪದರವೂ ಎದ್ದು ಬಂತು. ಕೈಯಲ್ಲಿ ಉಳಿದದ್ದು ಗಾಜಿನಂಥ ಪ್ಲಾಸ್ಟಿಕ್. ಆ ಭಜನೆಗಳು ಮತ್ತೆ ಸಿಗಲಿಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದು ಇವತ್ತಿಗೂ ನೋಯುತ್ತದೆ. ಆವತ್ತಿನಿಂದ ಯಾವ ಡಿಸ್ಕಿನ ಸ್ಟಿಕರನ್ನೂ ನಾನು ಮುಟ್ಟಿಲ್ಲ. ಎದ್ದಿದ್ದರೆ ಮೆಲ್ಲಗೆ ಒತ್ತಿ ಕೂರಿಸುತ್ತೇನೆ, ಅಷ್ಟೇ. ನಿಮ್ಮದರಲ್ಲಿ ಸ್ಟಿಕರ್ ಇದ್ದರೆ ನೀವೂ ಮುಟ್ಟಬೇಡಿ. ಸುಮ್ನೆ ಬಲ್ಬಿನ ಎದುರು ಡಿಸ್ಕ್ ಹಿಡಿದು ನೋಡಿ. ಸೂಜಿ ಚುಚ್ಚಿದಂತೆ ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಲ್ಲಿ ಪದರ ಹೋಗಿದೆ ಅಂತ ಅರ್ಥ. ಉಂಗುರದ ಜಾಗದಲ್ಲಿ ಅಂಥ ಚುಕ್ಕೆ ಇಲ್ಲದಿದ್ದರೆ ನೆಮ್ಮದಿಯಿಂದಿರಿ.

ಇನ್ನು ಡ್ರೈವ್. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದು ಇರುವುದೇ ಇಲ್ಲ. ಯುಎಸ್‌ಬಿ ಡಿವಿಡಿ ರೈಟರ್ ಒಂದನ್ನು ತಂದುಕೊಳ್ಳಬಹುದು. ಅದಕ್ಕಿಂತ ನನಗೆ ಇಷ್ಟ 2000ದ ದಶಕದ ಹಳೆ ಡೆಸ್ಕ್‌ಟಾಪಿನ ರೈಟರ್. ಹುಬ್ಬಳ್ಳಿಯ ಗುಜರಿಯಲ್ಲಿ, ಹಳೆ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಮುಂಭಾಗದಲ್ಲಿ ರೀರೈಟೆಬಲ್ ಅನ್ನುವ ಗುರುತು ಇರಬೇಕು. ಬರೀ ಓದುವ ಡ್ರೈವ್ ತಂದರೆ ಕಿರ್ದಿ ಕಾಣುವುದಿಲ್ಲ. ಆಗುವುದಾದರೆ ಬೇರೆ ಬೇರೆ ಕಂಪನಿಯ ಎರಡು ಮೂರು ಡ್ರೈವ್ ಇರಲಿ. ಒಂದು ಡ್ರೈವ್ ಪೂರ್ತಿ ಕೈಬಿಟ್ಟ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ನನ್ನ ಮೇಜಿನ ಮೇಲೆ ವಾರಕ್ಕೊಮ್ಮೆ ನಡೆಯುವ ಸಂಗತಿ. ಲೆನ್ಸ್, ಮೋಟರ್, ಒಳಗಿನ ಪ್ರೋಗ್ರಾಂ ಎಲ್ಲವೂ ಒಂದೊಂದರಲ್ಲಿ ಒಂದೊಂದು ತರಹ.

ಡಿಸ್ಕ್ ಹಾಕಿ ಒಂದೆರಡು ನಿಮಿಷ ಬಿಡಿ. ವಿಂಡೋಸ್ ಏನಾದರೂ ಹೇಳಲಿ, ನೀವು ಐಸೋಬಸ್ಟರ್ ಅನ್ನುವ ಪ್ರೋಗ್ರಾಂ ತೆರೆಯಿರಿ. ಅದು ಡ್ರೈವನ್ನು ನೇರವಾಗಿ ಕೇಳುತ್ತದೆ. ಮುಚ್ಚದ ಸೆಷನ್, ಅಂದರೆ ಬರೆದು ಮುಚ್ಚದೆ ಬಿಟ್ಟ ಭಾಗ, ಇದ್ದರೆ ಅದರ ಹಾಡುಗಳನ್ನು ಎಡಗಡೆ ಟ್ರ್ಯಾಕ್ 01, 02 ಅಂತ ಸಾಲಾಗಿ ತೋರಿಸುತ್ತದೆ. ಆ ಸಾಲು ಕಂಡರೆ ಅರ್ಧ ಗೆದ್ದಂತೆ. ಒಂದೊಂದು ಟ್ರ್ಯಾಕನ್ನೂ ವೇವ್ ಫೈಲಾಗಿ ಕಂಪ್ಯೂಟರಿಗೆ ಇಳಿಸಿ. ಎಂಪಿ3 ಈಗ ಬೇಡ. ಆಡಿಯೋ ಸಿಡಿಯ ಒಂದು ಸೆಕೆಂಡಿಗೆ 1,76,400 ಬೈಟ್ ಬೇಕು, ಅರ್ಧ ತಾಸಿನ ಹಾಡು ಸುಮಾರು 300 ಎಂಬಿ ಆಗುತ್ತದೆ. ಇವತ್ತಿನ ಫೋನಿನಲ್ಲೂ ಅಷ್ಟು ಜಾಗ ಇರುತ್ತದೆ. ಓದುವ ವೇಗವನ್ನು ಹಾಡುವ ವೇಗದ 4 ಅಥವಾ 8 ಪಟ್ಟಿನಷ್ಟಕ್ಕೆ ಇಳಿಸಿ. ಹಳೆ ಡಿಸ್ಕ್ 48 ಪಟ್ಟು ವೇಗದಲ್ಲಿ ತಿರುಗಿದರೆ ಅದುರಿ ತಪ್ಪು ಜಾಸ್ತಿಯಾಗುತ್ತದೆ.

ಡ್ರೈವ್ ಒಂದು ಜಾಗದಲ್ಲಿ ನಿಂತು ಹಿಂದೆ ಮುಂದೆ ಹುಡುಕುತ್ತಿದ್ದರೆ ಗಾಬರಿಯಾಗಬೇಡಿ. ಬಿಟ್ಟುಬಿಡಿ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬಂದ ಪದಗಳನ್ನೆಲ್ಲ ಎತ್ತಿಕೊಳ್ಳಿ. ಹಟ ಹಿಡಿದ ಟ್ರ್ಯಾಕನ್ನು ಕೊನೆಗೆ ಇಟ್ಟುಕೊಂಡು ಇನ್ನೊಂದು ಡ್ರೈವಿನಲ್ಲಿ ಓದಿಸಿ. ಸಿಡಿ ಒಳಗಿನಿಂದ ಹೊರಗೆ ಬರೆಯುತ್ತದೆ. ನಿಮ್ಮದರಲ್ಲಿ ಹಾಡೆಲ್ಲ ಒಳಗಿನ ಉಂಗುರದಲ್ಲೇ ಇದೆ. ಬೆರಳು ತಾಗುವುದು, ತೇವ ಹೊಗುವುದು, ಪದರ ಏಳುವುದು ಎಲ್ಲ ಹೊರ ಅಂಚಿನಿಂದ ಶುರುವಾಗುವುದು ಜಾಸ್ತಿ. ಹಾಗಾಗಿ ಅಜ್ಜಿಯ ಪದ ಇರುವುದು ಡಿಸ್ಕಿನ ಸುರಕ್ಷಿತ ಭಾಗದಲ್ಲಿ.

ಈಗ ಚೀಟಿ ತೆಗೆಯಿರಿ. ಪಟ್ಟಿಯಲ್ಲಿ ಕಂಡ ಹಾಡುಗಳ ಒಟ್ಟು ನಿಮಿಷ ಕೂಡಿಸಿ, ಉಂಗುರದ ಅಳತೆಯ ಜೊತೆ ಹೋಲಿಸಿ. ಎರಡೂ ಹತ್ತಿರ ಹತ್ತಿರ ಇದ್ದರೆ ಎಲ್ಲ ಪದ ಸಿಕ್ಕಿವೆ. ಉಂಗುರ 28 ನಿಮಿಷ ಅಂದು ಪಟ್ಟಿ 20 ಮಾತ್ರ ತೋರಿಸಿದರೆ, ಕೊನೆಯ ಪದ ಬರೆಯುತ್ತಿದ್ದಾಗ ಕರೆಂಟ್ ಹೋಗಿದೆ ಅಂತ ತಿಳಿಯಿರಿ. ಹಾಡು ಮುಗಿಯುವ ಮೊದಲೇ ಮಷಿನ್ ನಿಂತಿದ್ದರಿಂದ ಆ ಪದ ಕಿರ್ದಿಗೂ ಏರಿಲ್ಲ. ಆದರೆ ಡಿಸ್ಕಿನ ಮೇಲೆ ಅದು ಇದೆ. ಅಂಥ ಸಂದರ್ಭದಲ್ಲಿ ಡಿಸ್ಕನ್ನು ಮುಚ್ಚಲು ಹೋಗಲೇಬೇಡಿ. ನಾನು ಆಮೇಲೆ ಹೇಳುವ ಡಿಸ್ಕ್ ಬದಲಾಯಿಸುವ ದಾರಿ ಹಿಡಿಯಿರಿ.

ಪಟ್ಟಿ ಕಾಣುತ್ತದೆ ಆದರೆ ಯಾವ ಡ್ರೈವೂ ಹಾಡನ್ನು ಹೊರಗೆ ಕೊಡುತ್ತಿಲ್ಲ ಅಂತಾದರೆ ಮಾತ್ರ ಡಿಸ್ಕ್ ಮುಚ್ಚುವ ಯೋಚನೆ ಮಾಡಬಹುದು. ಇಮ್ಗ್‌ಬರ್ನ್ ಪ್ರೋಗ್ರಾಂನಲ್ಲಿ ಡಿಸ್ಕ್ ಕ್ಲೋಸ್ ಮಾಡುವ ಆಯ್ಕೆ ಇದೆ. ಡ್ರೈವ್ ತಾನೇ ಕಿರ್ದಿ ನೋಡಿ ಖತಾವಣಿ ಬರೆದು ಮುಗಿಸುತ್ತದೆ. ಆಮೇಲೆ ಅದೇ ಡಿಸ್ಕ್ ಕಾರಿನಲ್ಲೂ ಹಾಡಬಹುದು. ಆದರೆ ಇದು ಡಿಸ್ಕಿನ ಮೇಲೆ ಬರೆಯುವ ಕೆಲಸ. ಒಮ್ಮೆ ಮಾಡಿದರೆ ಹಿಂದಕ್ಕೆ ದಾರಿ ಇಲ್ಲ. ನಡುವೆ ಕರೆಂಟ್ ಹೋದರೆ ಇದ್ದದ್ದೂ ಕೆಡುತ್ತದೆ. ಯುಪಿಎಸ್ ಇಲ್ಲದೆ ಮಾಡಬೇಡಿ. ಹಾಡು ಓದಿ ಎತ್ತಿಕೊಂಡಾಗಿದ್ದರೆ ಮುಚ್ಚುವ ಅಗತ್ಯವೇ ಇಲ್ಲ.

ಪಟ್ಟಿಯೇ ಕಾಣಲಿಲ್ಲ ಅಂದರೆ? ಆಗ ಪ್ಲೇಯರಿಗೆ ಬೇರೆ ಡಿಸ್ಕಿನ ಖತಾವಣಿ ತೋರಿಸಿ ಈ ಡಿಸ್ಕ್ ಓದಿಸಬೇಕು. ಇದಕ್ಕೆ ಮೇಲಿನ ಮುಚ್ಚಳ ಎತ್ತಿ ಡಿಸ್ಕ್ ಇಡುವ, ಹಿಂದೆ ಕಾಲೇಜು ಹುಡುಗರು ಇಯರ್‌ಫೋನ್ ಹಾಕಿಕೊಂಡು ತಿರುಗುತ್ತಿದ್ದ ಸಣ್ಣ ಪ್ಲೇಯರ್ ಬೇಕು. ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಮುಚ್ಚಳ ಹಾಕಿದಾಗ ಅದು ಒತ್ತಿಕೊಳ್ಳುತ್ತದೆ. ಮುಚ್ಚಳ ತೆರೆದಿರುವಾಗಲೇ ಆ ಸ್ವಿಚ್ಚನ್ನು ಟೇಪಿನಿಂದ ಒತ್ತಿ ಅಂಟಿಸಿಬಿಡಿ. ಮೊದಲು ಸರಿಯಾಗಿರುವ, ಒಂದೇ ಉದ್ದನೆಯ ಟ್ರ್ಯಾಕ್ ಇರುವ, ಮುಚ್ಚಿದ ಆಡಿಯೋ ಸಿಡಿ ಒಂದನ್ನು ಹಾಕಿ. ಅದು 70 ನಿಮಿಷಕ್ಕಿಂತ ದೊಡ್ಡದಿರಲಿ. ಪ್ಲೇಯರ್ ಅದರ ಪಟ್ಟಿ ಓದಿಕೊಂಡ ಮೇಲೆ ನಿಲ್ಲಿಸಿ. ಡಿಸ್ಕ್ ತಿರುಗುವುದು ಪೂರ್ತಿ ನಿಲ್ಲಲಿ. ಸ್ವಿಚ್ ಒತ್ತಿಕೊಂಡೇ ಇರಲಿ, ಮುಚ್ಚಳ ಎತ್ತಿ, ಡಿಸ್ಕ್ ತೆಗೆದು ಅಜ್ಜಿಯ ಡಿಸ್ಕ್ ಇಡಿ. ಮುಚ್ಚಳ ಹಾಕಿ ಪ್ಲೇ ಒತ್ತಿ. ಡಿಸ್ಕ್ ಬದಲಾದದ್ದು ಪ್ಲೇಯರಿಗೆ ಗೊತ್ತಾಗುವುದಿಲ್ಲ. ಹಳೆ ಪಟ್ಟಿಯನ್ನೇ ನೆನಪಿಟ್ಟುಕೊಂಡು ಹಾಡು ಶುರುವಾಗುವ ಜಾಗಕ್ಕೆ ಹೋಗಿ ಓದಲು ತೊಡಗುತ್ತದೆ. ಇಯರ್‌ಫೋನ್ ತೂತಿನಿಂದ ಒಂದು ವಯರ್ ಎಳೆದು ಕಂಪ್ಯೂಟರಿನ ಲೈನ್-ಇನ್‌ಗೆ, ಅಂದರೆ ಹೊರಗಿನ ದನಿ ಒಳಗೆ ತಗೊಳ್ಳುವ ತೂತಿಗೆ, ಕೊಟ್ಟು ರೆಕಾರ್ಡ್ ಮಾಡಿಕೊಳ್ಳಿ. ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಪದವನ್ನೂ ಹೀಗೆ ಅದು ನಿಂತ ಜಾಗದವರೆಗೆ ಕೇಳಿಸಿಕೊಳ್ಳಬಹುದು. ಸ್ವಿಚ್ ಒತ್ತಿ ಮುಚ್ಚಳ ತೆರೆದಿರುವಾಗ ಲೆನ್ಸನ್ನು ನೋಡಬೇಡಿ. 780 ನ್ಯಾನೋಮೀಟರಿನ ಆ ಕಿರಣ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದರೆ ಕಣ್ಣನ್ನು ಕೆಡಿಸುತ್ತದೆ. ಮಕ್ಕಳು ಪಕ್ಕದಲ್ಲಿ ಇರದಂತೆ ನೋಡಿಕೊಳ್ಳಿ. ಎಲ್ಲ ಪ್ಲೇಯರುಗಳಲ್ಲೂ ಇದು ನಡೆಯುವುದಿಲ್ಲ. ಕೆಲವು ಹಳೆಯವು ಬರೆದ ಸಿಡಿಯ ಮಂಕು ಬೆಳಕನ್ನೇ ಹಿಡಿಯುವುದಿಲ್ಲ. ಎರಡು ಮೂರರಲ್ಲಿ ನೋಡಬೇಕು.

ಹೀಗೆ ಪ್ಲೇಯರಿನಿಂದ ಹಾಡಿಸಿ ಹಿಡಿಯುವುದು ಕೀಳು ದಾರಿ ಅಂತ ಕೆಲವರು ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ಡ್ರೈವ್ ಓದಲಾಗದ ಕಡೆ ತಪ್ಪು ಅಂತ ನಿಂತುಬಿಡಬಹುದು. ಹಾಡಿನ ಪ್ಲೇಯರ್ ನಿಲ್ಲುವುದಿಲ್ಲ. ಹಿಂದಿನ ದನಿ, ಮುಂದಿನ ದನಿ ನೋಡಿ ನಡುವಿನದನ್ನು ಊಹಿಸಿ ತುಂಬಿಕೊಂಡು ಮುಂದೆ ಹೋಗುತ್ತದೆ. ಕಿವಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ನಿಮ್ಮ ಡಿಸ್ಕಿನಲ್ಲಿ ಹಾಡಿನ ಬದಲು ಎಂಪಿ3 ಫೈಲುಗಳಿದ್ದರೆ ದಾರಿ ಬೇರೆ. ಆಗ ಲಿನಕ್ಸಿನ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಒಳ್ಳೆಯದು. ಆಡಿಯೋ ಸಿಡಿಗೆ ಅದು ನಡೆಯುವುದಿಲ್ಲ. ಮುಚ್ಚಿದ, ಆದರೆ ಗೀರು ಬಿದ್ದ ಆಡಿಯೋ ಸಿಡಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಅಥವಾ ಸಿಡಿಪ್ಯಾರನೋಯಾ ಅನ್ನುವ ಪ್ರೋಗ್ರಾಂ ಬಳಸಬೇಕು. ಅವು ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸುತ್ತವೆ. ಇದನ್ನು ಓದುವ ಬೇರೆಯವರಿಗೆ ಉಪಯೋಗವಾಗಲಿ ಅಂತ ಹೇಳಿದೆ.

ಹಾಡು ಕಂಪ್ಯೂಟರಿಗೆ ಬಂದ ಮೇಲೆ ಅದನ್ನು ಚೆಂದ ಮಾಡಲು ಕೂಡಲೇ ಹೋಗಬೇಡಿ. ಬಂದದ್ದು ಬಂದಂತೆಯೇ ಒಂದು ಪ್ರತಿ ಇರಲಿ, ಅದರ ಹೆಸರು ಕೂಡ ಬದಲಿಸಬೇಡಿ. ಇನ್ನೊಂದು ಪ್ರತಿಯ ಮೇಲೆ ಕೆಲಸ ಮಾಡಿ. ನಡುನಡುವೆ ಟಿಕ್ ಅಂತ ಸದ್ದು ಬಂದರೆ ಆಡಾಸಿಟಿ ಅನ್ನುವ ದನಿ ತಿದ್ದುವ ಪ್ರೋಗ್ರಾಂನಲ್ಲಿ ಆ ಜಾಗವನ್ನು ಹಿಗ್ಗಿಸಿ ನೋಡಿ, ಆ ಮೊನೆಯನ್ನು ಮಾತ್ರ ಆರಿಸಿ ರಿಪೇರ್ ಕೊಡಿ. ಅದು ಒಮ್ಮೆಗೆ ಹೆಚ್ಚೆಂದರೆ 128 ಸ್ಯಾಂಪಲ್ (ದನಿಯ ಸಣ್ಣ ತುಣುಕು) ತಿದ್ದುತ್ತದೆ, ಅಂದರೆ ಮೂರು ಮಿಲಿಸೆಕೆಂಡಿನಷ್ಟು. ಒಂದು ಟಿಕ್‌ಗೆ ಅಷ್ಟು ಸಾಕು. ಆದರೆ ಗದ್ದಲ ತೆಗೆಯುವ ಗುಂಡಿ ಒತ್ತಬೇಡಿ. ಅಜ್ಜಿ ಹಾಡಿದ್ದು ಬೀಸುವ ಕಲ್ಲಿನ ಮುಂದೆ. ಕಲ್ಲಿನ ಗರಗರ ಕಂಪ್ಯೂಟರಿಗೆ ಗದ್ದಲ. ಹಾಡಿಗೆ ಅದೇ ತಾಳ. ಕಲ್ಲು ಒಂದು ಸುತ್ತು ತಿರುಗುವ ಹೊತ್ತಿಗೆ ಸರಿಯಾಗಿ ಸಾಲು ಎಳೆದಿರುತ್ತಾರೆ. ಆ ಸದ್ದು ತೆಗೆದರೆ ಉಳಿಯುವುದು ಬರೀ ಒಬ್ಬ ಮುದುಕಿಯ ಒಣ ದನಿ.

ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಕಡೆ ಹಾಡಿಗೆ ಬರವಿಲ್ಲ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್, ಗದಗಿನ ಪುಟ್ಟರಾಜ ಗವಾಯಿಗಳು, ಇವರ ದನಿ ಬೇಕೆಂದರೆ ನೂರು ಕಡೆ ಸಿಗುತ್ತದೆ. ಕಂಪನಿಗಳು ಅಚ್ಚು ಹಾಕಿದ ಸಿಡಿಯಲ್ಲಿ ಹಾಡು ಪ್ಲಾಸ್ಟಿಕ್ಕಿನಲ್ಲೇ ಕುಳಿಯಾಗಿ ಒತ್ತಿರುತ್ತದೆ, ಅಂಥವು ಸಾವಿರಾರು ಇರುತ್ತವೆ. ನಿಮ್ಮದು ಬಣ್ಣದ ಪದರದ ಮೇಲೆ ಲೇಸರಿನಿಂದ ಸುಟ್ಟು ಬರೆದದ್ದು. ಬಿಸಿಲಿಗೆ ಆ ಬಣ್ಣ ಕೆಡುತ್ತದೆ. ಹಕ್ಕಿ ಬರದಿರಲಿ ಅಂತ ಜೋಳದ ಹೊಲದಲ್ಲಿ ಕಟ್ಟಿದ ಸಿಡಿಗಳನ್ನು ನೋಡಿದಾಗಲೆಲ್ಲ, ಇದರಲ್ಲಿ ಯಾರ ಮನೆಯ ದನಿ ಇತ್ತೋ ಅನ್ನಿಸುತ್ತದೆ. ಬೀಸುವ ಪದಗಳ ಮಾತನ್ನು ಎಷ್ಟೋ ಜನ ಸಂಗ್ರಹ ಮಾಡಿ ಪುಸ್ತಕ ಮಾಡಿದ್ದಾರೆ. ಧಾಟಿ ಪುಸ್ತಕದಲ್ಲಿ ಇರುವುದಿಲ್ಲ. ನಿಮ್ಮ ಅಜ್ಜಿಯ ಧಾಟಿ ಇರುವುದು ಈ ಒಂದು ಡಿಸ್ಕಿನಲ್ಲಿ ಮಾತ್ರ. ಟ್ರಂಕಿನ ಕತ್ತಲಲ್ಲಿ ಇತ್ತು ಅನ್ನುವುದು ಒಳ್ಳೆಯದೇ ಆಯಿತು.

ಹಾಡು ಸಿಕ್ಕ ಮೇಲೆ ಎರಡು ಬೇರೆ ಮನೆಗಳಲ್ಲಿ ಎರಡು ಪ್ರತಿ ಇಡಿ. ಒಂದು ನಿಮ್ಮ ಹತ್ತಿರ, ಒಂದು ಅಕ್ಕನ ಹತ್ತಿರ. ಹಾಡು ಸಿಕ್ಕಿತು ಅಂತ ಡಿಸ್ಕ್ ಬಿಸಾಕಬೇಡಿ, ಸಿಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ. ನಿಮ್ಮ ತಾಯಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪದ ಕೇಳಿಸಿ. ಅದು ಯಾವ ಪದ, ಯಾವಾಗ ಹಾಡುತ್ತಿದ್ದರು, ನಡುವೆ ಬರುವ ಹೆಸರು ಯಾರದು ಅಂತ ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ.

ಸದ್ಯ ಮೂರು ಸಂಗತಿ ನನಗೆ ಬರೆದು ತಿಳಿಸಿ. ಉಂಗುರದ ಅಗಲ ಎಷ್ಟು ಮಿ.ಮೀ., ಡಿಸ್ಕಿನ ಮೇಲೆ ಏನು ಅಚ್ಚಾಗಿದೆ, ಐಸೋಬಸ್ಟರ್ ಎಷ್ಟು ಟ್ರ್ಯಾಕ್ ತೋರಿಸಿತು. ರೈಟರ್ ಸಿಗದಿದ್ದರೆ ಡಿಸ್ಕನ್ನು ಅಂಚೆಯಲ್ಲಿ ಮಾತ್ರ ಕಳಿಸಬೇಡಿ. ಹುಬ್ಬಳ್ಳಿಗೆ ಬರುವ ದಿನ ಒಂದು ಗಟ್ಟಿ ಡಬ್ಬಿಯಲ್ಲಿಟ್ಟು ಕೈಯಲ್ಲೇ ತನ್ನಿ. ನನ್ನ ಮೇಜಿನ ಮೇಲೆ ನಾಲ್ಕು ಹಳೆ ಡ್ರೈವ್ ಇವೆ, ಕೂತು ಒಟ್ಟಿಗೆ ಓದಿಸೋಣ.